ಕೆಲಸದ ಜಾಗದಲ್ಲೇ ಕಲಿಕೆ: ವಿಕಲಚೇತನರ ತರಬೇತಿ ಮತ್ತು ಉದ್ಯೋಗ



ವಿಕಲಚೇತನರ ಬದುಕಿನ ವಿಚಾರ ಬಂದಾಗ ನಮ್ಮ ಸಭೆಗಳಲ್ಲಿ ಮಾತು ಕರುಣೆಯಿಂದ ಶುರುವಾಗಿ ದೇಣಿಗೆಯಲ್ಲಿ ಮುಗಿಯುವುದು ರೂಢಿ. ಒಂದು ಹೊಲಿಗೆ ಯಂತ್ರ, ಒಂದು ಮೂರು ಚಕ್ರದ ಸೈಕಲ್ಲು, ಒಂದು ಪ್ರಮಾಣಪತ್ರ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಹೊಲಿಗೆ ಯಂತ್ರ ಪಡೆದವಳಿಗೆ ಬಟ್ಟೆ ತಂದುಕೊಡುವವರು ಯಾರು, ಪ್ರಮಾಣಪತ್ರ ಪಡೆದವನನ್ನು ಒಳಗೆ ಕರೆದು ಕೂರಿಸುವ ಕಚೇರಿ ಎಲ್ಲಿದೆ ಎಂಬ ಪ್ರಶ್ನೆ ಮರುದಿನ ಏಳುತ್ತದೆ. ಆ ಹೊತ್ತಿಗೆ ಸಭೆ ಚದುರಿರುತ್ತದೆ. ನಾನು ಇಂದು ಮಾತಾಡಬೇಕೆಂದಿರುವುದು ಆ ಮರುದಿನದ ಬಗ್ಗೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ವಿಕಲಚೇತನರಿಗೆ ತರಬೇತಿ ಕೊಡುವ ಪ್ರಯತ್ನಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ, ಮತ್ತು ಆ ಇತಿಹಾಸದ ದೊಡ್ಡ ಪಾಲು ಈ ಮುಂಬಯಿಯದು. ತರಬೇತಿಯ ಕೊರತೆಗಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ತರಬೇತಿಯನ್ನು ಒಂದು ಕಡೆ, ಕೆಲಸವನ್ನು ಇನ್ನೊಂದು ಕಡೆ ಇಟ್ಟ ಕ್ರಮ. ಮೊದಲು ಪೂರ್ತಿ ತಯಾರಾಗಿ ಬಾ, ಆಮೇಲೆ ಕೆಲಸದ ಮಾತು ಎಂದು ನಾವು ಹೇಳುತ್ತ ಬಂದೆವು. ಈ ಕ್ರಮವನ್ನು ತಿರುಗಿಸಬೇಕು. ಕೆಲಸಕ್ಕೆ ಸೇರಿಸಿಕೊಂಡು, ಕೆಲಸದ ಜಾಗದಲ್ಲೇ ಕಲಿಸಬೇಕು. ಇದು ಹೊರಗಿನಿಂದ ತರಬೇಕಾದ ಹೊಸ ಸಿದ್ಧಾಂತವಲ್ಲ. ಗದುಗಿನಲ್ಲಿ ಮತ್ತು ಇದೇ ಮುಂಬಯಿಯ ಕನ್ನಡಿಗರ ನಡುವೆ ಅದು ಹಿಂದೆಯೇ ನಡೆದಿದೆ.

ಮೊದಲು ಲೆಕ್ಕ. 2011ರ ಜನಗಣತಿ ಎಂಟು ಬಗೆಯ ವೈಕಲ್ಯಗಳನ್ನು ಗುರುತಿಸಿ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ ಎಂದಿತು. ಮಹಾರಾಷ್ಟ್ರದ ಪಾಲು 29 ಲಕ್ಷಕ್ಕೂ ಮಿಕ್ಕಿ, ಕರ್ನಾಟಕದ್ದು 13 ಲಕ್ಷಕ್ಕೂ ಮಿಕ್ಕಿ. ಇವರಲ್ಲಿ ದುಡಿಯುವವರು ಶೇಕಡಾ 36ರಷ್ಟು. ಗಂಡಸರಲ್ಲಿ 47, ಹೆಂಗಸರಲ್ಲಿ 23. ಜನಗಣತಿಯ ಪ್ರಕಾರ ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ದುಡಿದವರೂ ದುಡಿಮೆಗಾರರೇ. ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಕೈಜೋಡಿಸಿದವರೂ ಅದರಲ್ಲಿ ಸೇರಿದ್ದಾರೆ. ತಿಂಗಳ ಕೊನೆಗೆ ತನ್ನ ಹೆಸರಿನ ಖಾತೆಗೆ ಸಂಬಳ ಬೀಳುವ ವಿಕಲಚೇತನ ಮಹಿಳೆ ಎಷ್ಟು ಅಪರೂಪ ಎಂಬುದನ್ನು ಈ ಅಂಕಿಗಳು ಪೂರ್ತಿಯಾಗಿ ಹೇಳಲಾರವು. ಇದಾದ ಐದು ವರ್ಷಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾನೂನು ವೈಕಲ್ಯಗಳ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿತು. ಹೀಗಾಗಿ ಹಳೆಯ ಎಣಿಕೆ ನಿಜವಾದ ಸಂಖ್ಯೆಗಿಂತ ಚಿಕ್ಕದೇ ಇದ್ದೀತು.

ಸಭಿಕರೆ, ಮುಂಬಯಿಯ ಭೂಪಟವನ್ನು ಒಮ್ಮೆ ಮನಸ್ಸಿನಲ್ಲಿ ಹರಡಿಕೊಳ್ಳಿ. ಭಾರತದಲ್ಲಿ ಕಿವುಡ ಮಕ್ಕಳ ಮೊದಲ ಶಾಲೆ ಎಂದು ಇತಿಹಾಸಕಾರರು ಗುರುತಿಸುವುದು 1880ರ ದಶಕದಲ್ಲಿ ಈ ನಗರದಲ್ಲಿ ಹುಟ್ಟಿದ ಸಂಸ್ಥೆಯನ್ನು. ಇಪ್ಪತ್ತನೆಯ ಶತಮಾನ ಕಾಲಿಡುತ್ತಿದ್ದಂತೆ ದಾದರ್ ಮತ್ತು ತಾರ್‌ದೇವ್‌ಗಳ ಅಂಧರ ಶಾಲೆಗಳು ಬಂದವು. ರಾಷ್ಟ್ರೀಯ ಅಂಧರ ಸಂಘ 1952ರಲ್ಲಿ ಇಲ್ಲೇ ರೂಪುಗೊಂಡು ವರ್ಲಿಯಲ್ಲಿ ನೆಲೆಯಾಯಿತು. ಹಾಜಿ ಅಲಿಯಲ್ಲಿ 1955ರಲ್ಲಿ ಅಖಿಲ ಭಾರತ ಭೌತಿಕ ವೈದ್ಯ ಮತ್ತು ಪುನರ್ವಸತಿ ಸಂಸ್ಥೆ ಆರಂಭವಾಯಿತು. ದೇಶದ ಮೊದಲ ವಿಶೇಷ ಉದ್ಯೋಗ ವಿನಿಮಯ ಕೇಂದ್ರ ತೆರೆದದ್ದು 1959ರಲ್ಲಿ, ಮುಂಬಯಿಯಲ್ಲೇ. 1968ರಲ್ಲಿ ಕೇಂದ್ರ ಸರಕಾರದ ವೃತ್ತಿ ಪುನರ್ವಸತಿ ಕೇಂದ್ರ ಸಯನ್‌ನಲ್ಲಿ ಕೆಲಸ ಶುರು ಮಾಡಿತು. ಅದೇ ವರ್ಷ ಚೆಂಬೂರಿನಲ್ಲಿ ಅಂಗವಿಕಲರ ಸಮಾನ ಅವಕಾಶಕ್ಕಾಗಿ ದುಡಿಯುವ ರಾಷ್ಟ್ರೀಯ ಸಂಸ್ಥೆ, ನಾಸಿಯೋ, ತಲೆಯೆತ್ತಿತು. ಮಿಥು ಅಲೂರ್ ಅವರ ಸ್ಪಾಸ್ಟಿಕ್ಸ್ ಸೊಸೈಟಿ 1970ರ ದಶಕದಲ್ಲಿ, ಕಿವುಡರಿಗಾಗಿ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ 1983ರಲ್ಲಿ ಬಂದವು.

ಈ ಪಟ್ಟಿಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ತಾರ್‌ದೇವ್, ಹಾಜಿ ಅಲಿ, ವರ್ಲಿ, ದಾದರ್, ಸಯನ್, ಚೆಂಬೂರ್, ಬಾಂದ್ರಾ. ಹಳೆಯ ದೊಡ್ಡ ಸಂಸ್ಥೆಗಳ ಗಡಿ ಹೆಚ್ಚುಕಡಿಮೆ ಬಾಂದ್ರಾಕ್ಕೆ ಮುಗಿಯುತ್ತದೆ. ಜೋಗೇಶ್ವರಿಯಲ್ಲಿರುವ ಅಂಧರ ಕೈಗಾರಿಕಾ ಗೃಹದಂಥ ಒಂದೆರಡು ಹೆಸರು ಮಾತ್ರ ಅದರಿಂದ ಉತ್ತರಕ್ಕೆ ಸಿಗುತ್ತವೆ. ಆ ಸಂಸ್ಥೆಗಳಲ್ಲಿ ಮೊದಲಿನವು ಹುಟ್ಟಿದಾಗ ನಗರವೂ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತಿತ್ತು, ದೋಷ ಅವುಗಳದ್ದಲ್ಲ. ಆದರೆ ಜನ ಉತ್ತರಕ್ಕೆ ಬಂದರು. ಗಿರಣಗಾಂವ್‌ನ ಚಾಳುಗಳಿಂದ, ಫೋರ್ಟಿನ ಹೊಟೇಲಿನ ಮಾಳಿಗೆಗಳಿಂದ ಹೊರಟ ನಮ್ಮ ಕನ್ನಡಿಗರೂ ಗೋರೆಗಾಂವ್, ಮಲಾಡ್, ಕಾಂದಿವಲಿ, ಬೋರಿವಲಿ, ದಹಿಸರ್‌ಗಳಲ್ಲಿ ಮನೆ ಮಾಡಿದರು. ನಾವಿರುವ ಈ ಕಾಂದಿವಲಿಯ ಸ್ಟೇಷನ್ನು ಚರ್ಚ್‌ಗೇಟಿನಿಂದ ಮೂವತ್ತು ಕಿಲೋಮೀಟರಿಗೂ ದೂರ. ಊರುಗೋಲಿನ ಮೇಲೆ ನಡೆಯುವ ಇಪ್ಪತ್ತು ವರ್ಷದ ಹುಡುಗಿ ತರಬೇತಿಗಾಗಿ ದಿನಾ ಲೋಕಲ್ ಹತ್ತಿ ಹಾಜಿ ಅಲಿಗೆ ಹೋಗಿಬರಬೇಕು ಎಂದರೆ, ಕಲಿಯುವ ಮೊದಲೇ ಅವಳ ಅರ್ಧ ಶಕ್ತಿ ಖರ್ಚಾಗುತ್ತದೆ.

ಇನ್ನು ಆ ಸಂಸ್ಥೆಗಳಲ್ಲಿ ಕಲಿಸಿದ್ದೇನು? ಬೆತ್ತದ ಕುರ್ಚಿ ಹೆಣೆಯುವುದು, ನೇಯ್ಗೆ, ಮೇಣದಬತ್ತಿ, ಹೊಲಿಗೆ, ಬೆಸುಗೆ, ಟೈಪಿಂಗ್, ಅಂಧರಿಗೆ ದೂರವಾಣಿ ಸ್ವಿಚ್‌ಬೋರ್ಡ್ ನಡೆಸುವ ತರಬೇತಿ. ಇವುಗಳಲ್ಲಿ ಸ್ವಿಚ್‌ಬೋರ್ಡಿನ ಕತೆಯನ್ನು ಸ್ವಲ್ಪ ನಿಂತು ನೋಡಬೇಕು. ಬ್ಯಾಂಕು, ವಿಮಾ ಕಂಪನಿ, ಸರಕಾರಿ ಕಚೇರಿ ಎಲ್ಲ ಕಡೆ ಒಂದು ಕಾಲದಲ್ಲಿ ಅಂಧ ಆಪರೇಟರುಗಳು ಇದ್ದರು. ನೂರಾರು ಎಕ್ಸ್‌ಟೆನ್ಶನ್ ಸಂಖ್ಯೆಗಳನ್ನು ನೆನಪಿನಲ್ಲಿಟ್ಟು ಕೆಲಸ ಮಾಡಿದವರು ಅವರು. ಯಾರ ದಯೆಯ ಮೇಲೂ ಕುಳಿತಿರದೆ ಕಚೇರಿಯ ನರಮಂಡಲವನ್ನೇ ಕೈಯಲ್ಲಿಟ್ಟುಕೊಂಡಿದ್ದರು. ನೇರ ಡಯಲಿಂಗ್ ಬಂತು, ತಾನಾಗಿ ಉತ್ತರಿಸುವ ಯಂತ್ರ ಬಂತು, ಹುದ್ದೆ ಕರಗಿತು. ಅದೇ ರೀತಿ 1980ರ ದಶಕದಿಂದ ಸಾರ್ವಜನಿಕ ದೂರವಾಣಿ ಬೂತುಗಳ ಹಂಚಿಕೆಯಲ್ಲಿ ವಿಕಲಚೇತನರಿಗೆ ಆದ್ಯತೆ ಸಿಕ್ಕಿತು. ಮುಂಬಯಿಯ ಫುಟ್‌ಪಾತುಗಳ ಮೇಲೆ, ಸ್ಟೇಷನ್ನಿನ ಬಾಗಿಲಲ್ಲಿ ಆ ಪುಟ್ಟ ಬೂತುಗಳು ಎಷ್ಟೋ ಸಂಸಾರಗಳನ್ನು ಸಾಕಿದವು, ಮಕ್ಕಳನ್ನು ಓದಿಸಿದವು. ಎಲ್ಲರ ಕಿಸೆಗೆ ಮೊಬೈಲ್ ಬಂದ ಮೇಲೆ ಬೂತು ನಡೆಸುತ್ತಿದ್ದವರು ರೀಚಾರ್ಜ್, ಬಿಸ್ಕತ್ತು, ಗುಟ್ಕಾ ಮಾರಾಟಕ್ಕೆ ಇಳಿದರು, ಹಲವರು ಮುಚ್ಚಿದರು. ಗಿರಣಿಗಳದ್ದೂ ಇದೇ ಪಾಡು. ಕ್ರಿಕೆಟಿನಿಂದ ಜಗತ್ತಿಗೆ ಪರಿಚಿತರಾದ ವಿಜಯ್ ಮರ್ಚೆಂಟ್ ಗಿರಣಿ ಮಾಲೀಕರ ಮನೆತನದವರು. ಅಂಧರಿಗೂ ಅಂಗವಿಕಲರಿಗೂ ಕೆಲಸ ಕೊಟ್ಟು, ಇತರ ಉದ್ಯಮಿಗಳ ಬಾಗಿಲನ್ನೂ ತಟ್ಟಿದವರು. 1982ರ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಹೆಚ್ಚಿನ ಗಿರಣಿಗಳೇ ಉಳಿಯಲಿಲ್ಲ.

ಇದರಿಂದ ನಾನು ತೆಗೆಯುವ ತೀರ್ಮಾನ ಹೀಗಿದೆ. ಕೌಶಲಗಳು ಸಾಯುತ್ತವೆ, ಎಲ್ಲರ ಕೌಶಲವೂ ಸಾಯುತ್ತದೆ. ಆದರೆ ಉದ್ಯಮದ ಒಳಗಿರುವವನಿಗೆ ಹೊಸ ಯಂತ್ರ ಬರುವ ಸುದ್ದಿ ಮೊದಲೇ ತಿಳಿಯುತ್ತದೆ, ಅವನನ್ನು ಮಾಲೀಕನೇ ಹೊಸದಕ್ಕೆ ಒಗ್ಗಿಸುತ್ತಾನೆ. ಉದ್ಯಮದ ಹೊರಗೆ, ಪ್ರತ್ಯೇಕ ಕಟ್ಟಡದಲ್ಲಿ, ಪ್ರತ್ಯೇಕ ಪಠ್ಯಕ್ರಮದಲ್ಲಿ ಕಲಿಯುತ್ತಿರುವವನಿಗೆ ಆ ಸುದ್ದಿ ಹತ್ತು ವರ್ಷ ತಡವಾಗಿ ಮುಟ್ಟುತ್ತದೆ. ಮಾರುಕಟ್ಟೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ತುಂಬಿದ ಮೇಲೂ ತರಬೇತಿ ಶಾಲೆಗಳಲ್ಲಿ ಬೆತ್ತ ಹೆಣೆಯುವುದು ನಿಲ್ಲಲಿಲ್ಲ. ಕಲಿಸುವ ಗುರುಗಳಿಗೆ ಪ್ರೀತಿ ಇತ್ತು, ನಿಷ್ಠೆ ಇತ್ತು. ಕೆಲಸ ಕೊಡುವವರೊಂದಿಗೆ ನಿತ್ಯದ ಒಡನಾಟ ಇರಲಿಲ್ಲ.

ಈಗ ಗದುಗಿನ ಮಾತು. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಇಂದಿನ ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದರು, ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಅಂಧ ಮತ್ತು ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಸಂಗೀತ ಶಾಲೆ ಕಟ್ಟಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, 1914ರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದವರು, ಅವರೂ ಅಂಧರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ 2010ರವರೆಗೂ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ನಮ್ಮಲ್ಲಿ ಇದನ್ನು ಭಕ್ತಿಯಿಂದ ನೆನೆಯುವವರು ಬಹಳ. ಅದನ್ನು ಉದ್ಯೋಗ ತರಬೇತಿಯ ಮಾದರಿಯಾಗಿ ನೋಡಿದವರು ಕಡಿಮೆ.

ಆಶ್ರಮದ ಕೆಲಸದ ರೀತಿಯನ್ನು ಗಮನಿಸಿ. ಮಕ್ಕಳು ಹಾಡು, ತಬಲಾ, ಹಾರ್ಮೋನಿಯಂ, ಪಿಟೀಲು ಕಲಿತರು. ಆಶ್ರಮಕ್ಕೆ ತನ್ನದೇ ನಾಟಕ ಕಂಪನಿ ಇತ್ತು. ಕಂಪನಿ ಊರೂರಿಗೆ ಹೋಗಿ ಟಿಕೆಟು ಮಾರಿ ನಾಟಕ ಆಡುತ್ತಿತ್ತು. ಅದರ ಆದಾಯ ಆಶ್ರಮದ ಅನ್ನವಾಗುತ್ತಿತ್ತು. ಕಲಿಯುವ ಹುಡುಗರಿಗೆ ರಂಗದ ಪಕ್ಕದಲ್ಲೇ ಅಭ್ಯಾಸವೂ ಪರೀಕ್ಷೆಯೂ ಆಗುತ್ತಿತ್ತು. ಅಲ್ಲಿಂದ ಹೊರಟವರು ಶಾಲೆಗಳ ಸಂಗೀತ ಶಿಕ್ಷಕರಾದರು, ಕೀರ್ತನಕಾರರಾದರು, ವೃತ್ತಿ ರಂಗಭೂಮಿಯ ವಾದ್ಯಗಾರರಾದರು, ಆಕಾಶವಾಣಿಯಲ್ಲಿ ಹಾಡಿದರು. ದುಡಿಮೆಯ ಲೋಕ ಮತ್ತು ಕಲಿಕೆಯ ಲೋಕ ಒಂದೇ ಚಪ್ಪರದ ಕೆಳಗಿದ್ದವು. ಉತ್ತರ ಕರ್ನಾಟಕದಲ್ಲಿ ಆಗ ಸಂಗೀತಕ್ಕೆ ಕೇಳುವ ಜನವಿತ್ತು, ಹಣ ಕೊಡುವ ಪ್ರೇಕ್ಷಕನಿದ್ದ, ಕರೆಸುವ ಮಠ, ಜಾತ್ರೆ, ಮದುವೆಗಳಿದ್ದವು. ಆ ಬೇಡಿಕೆಯನ್ನು ಕಂಡೇ ಗುರುಗಳು ಆ ವಿದ್ಯೆಯನ್ನು ಕೊಟ್ಟರು. ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹಗಳನ್ನು ಜೋಡಿಯಾಗಿ ಕಂಡರು. ವಿಕಲಚೇತನರ ಮಟ್ಟಿಗೆ ನಮ್ಮ ಸಮಾಜ ದಾಸೋಹವನ್ನಷ್ಟೇ ಉಳಿಸಿಕೊಂಡಿತ್ತು. ಗದುಗಿನ ಗವಾಯಿಗಳು ಅದಕ್ಕೆ ಕಾಯಕವನ್ನು ಮರಳಿ ಸೇರಿಸಿದರು ಎಂದು ನಾನು ತಿಳಿದಿದ್ದೇನೆ.

ಎರಡನೆಯ ಮಾದರಿ ನಮ್ಮ ಮನೆಯದೇ. ಮುಂಬಯಿಯ ಕನ್ನಡಿಗರ, ತುಳುವರ ಇತಿಹಾಸದಲ್ಲಿ ರಾತ್ರಿ ಶಾಲೆಗಿಂತ ದೊಡ್ಡ ಸಾಧನೆ ಇನ್ನೊಂದಿಲ್ಲ. ಹೊಟೇಲಿನಲ್ಲಿ ಗ್ಲಾಸು ತೊಳೆಯುತ್ತಿದ್ದ, ಟೇಬಲ್ಲು ಒರೆಸುತ್ತಿದ್ದ ಹುಡುಗರಿಗೆ ಹಗಲು ಶಾಲೆಯ ಬಾಗಿಲು ಮುಚ್ಚಿತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಎಸೋಸಿಯೇಶನ್, ಬಂಟರ ಸಂಘ ಮೊದಲಾದ ಸಂಸ್ಥೆಗಳು ಮತ್ತು ಫೋರ್ಟು ವಿಭಾಗದ ಕನ್ನಡ ಶಾಲೆಗಳು ಅವರ ಹೊತ್ತಿಗೆ ಶಾಲೆಯನ್ನೇ ಸರಿಸಿದವು. ಕೆಲಸ ಬಿಟ್ಟು ಬಾ ಎಂದು ಯಾರೂ ಹೇಳಲಿಲ್ಲ. ಓದು ಮುಗಿಸಿ ಆಮೇಲೆ ದುಡಿ ಎಂದೂ ಹೇಳಲಿಲ್ಲ. ಆ ಶಾಲೆಗಳಿಂದ ಬ್ಯಾಂಕ್ ನೌಕರರು, ವಕೀಲರು, ಹೊಟೇಲ್ ಮಾಲೀಕರು, ಲೇಖಕರು ಹೊರಬಂದರು. ಸಮಾಜ ತನ್ನ ಬಡ ಹುಡುಗರಿಗೆ ಒಂದು ಹೊಂದಾಣಿಕೆ ಮಾಡಿಕೊಟ್ಟಿತು, ಹುಡುಗರು ಉಳಿದದ್ದನ್ನು ಮಾಡಿದರು. ಇಂದಿನ ಕಾನೂನು ವಿಕಲಚೇತನ ನೌಕರನಿಗೆ ಕೊಡಬೇಕೆಂದು ಹೇಳುವ ಸಮಂಜಸ ಹೊಂದಾಣಿಕೆ ಇದಕ್ಕಿಂತ ಬೇರೆಯಲ್ಲ. ಸಮಯ, ಜಾಗ, ಉಪಕರಣ, ಕೆಲಸದ ಕ್ರಮ, ಇವುಗಳಲ್ಲಿ ಎಲ್ಲೋ ಒಂದು ಕಡೆ ಮಾಡಿಕೊಡುವ ಬದಲಾವಣೆ. ಅದು ಸಂಸ್ಥೆಗೆ ಮಿತಿಮೀರಿದ ಹೊರೆ ಆಗಬಾರದು ಎಂಬ ಷರತ್ತಿನೊಂದಿಗೆ.

ಹೊರಗಿನ ಅನುಭವವೂ ಇದೇ ದಿಕ್ಕನ್ನು ತೋರಿಸುತ್ತದೆ. ಅಮೆರಿಕದ ಮಾರ್ಕ್ ಗೋಲ್ಡ್ ಎಂಬ ಸಂಶೋಧಕರು 1970ರ ದಶಕದಲ್ಲಿ, ತೀವ್ರ ಬೌದ್ಧಿಕ ವೈಕಲ್ಯವಿದ್ದವರಿಗೆ ಸೈಕಲ್ಲಿನ ಬ್ರೇಕನ್ನು ಬಿಡಿಭಾಗಗಳಿಂದ ಜೋಡಿಸಲು ಕಲಿಸಿದರು. ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದರು, ಒಂದು ರೀತಿಯಲ್ಲಿ ಬಾರದಿದ್ದರೆ ಇನ್ನೊಂದು ರೀತಿಯಲ್ಲಿ ಹೇಳಿದರು. ಕಲಿಯಲಾರರು ಎಂದು ಬರೆದಿಟ್ಟಿದ್ದವರು ಕಲಿತರು. ಕಲಿಯದಿದ್ದರೆ ಕಲಿಸುವವನು ದಾರಿ ಬದಲಿಸಬೇಕು ಎಂಬುದು ಅವರ ನಿಲುವು. ಇದರ ಮುಂದುವರಿಕೆಯಾಗಿ 1980ರ ದಶಕದಲ್ಲಿ ಬೆಂಬಲಿತ ಉದ್ಯೋಗ ಎಂಬ ಪದ್ಧತಿ ಬೆಳೆಯಿತು: ಮೊದಲು ನೇಮಕ, ಆಮೇಲೆ ಜೊತೆಗಿದ್ದು ಕಲಿಸುವ ಒಬ್ಬ ಮಾರ್ಗದರ್ಶಕ, ಕ್ರಮೇಣ ಮಾರ್ಗದರ್ಶಕ ಹಿಂದೆ ಸರಿಯುವುದು. ವಿಕಲಚೇತನರನ್ನು ಪ್ರತ್ಯೇಕ ಕಾರ್ಯಾಗಾರಗಳಲ್ಲಿ ಕೂರಿಸಿ ಕೈಖರ್ಚಿನ ಹಣ ಕೊಡುವ ಪದ್ಧತಿ ಮುಕ್ತ ಉದ್ಯೋಗದ ಹಕ್ಕಿಗೆ ಸಮನಾಗದು ಎಂದು ವಿಶ್ವಸಂಸ್ಥೆಯ ಹಕ್ಕುಗಳ ಸಮಿತಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಭಾರತ ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ 2007ರಲ್ಲೇ ಬದ್ಧವಾದ ದೇಶ.

ಕರ್ನಾಟಕದ ಪ್ರಯೋಗಗಳಲ್ಲಿ ಕೆಲವನ್ನು ಹೆಸರಿಸಲೇಬೇಕು. ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ತೋಟಗಾರಿಕೆಯನ್ನು ತರಬೇತಿಯಾಗಿ ಆರಿಸಿಕೊಂಡಿತು; ಉದ್ಯಾನಗಳ ನಗರದಲ್ಲಿ ಮಾಲಿಗಳಿಗೆ ಬೇಡಿಕೆ ಇದ್ದೇ ಇತ್ತು. ಮೈಸೂರಿನ ಜೆಎಸ್ಎಸ್ ಸಂಸ್ಥೆ 1991ರಲ್ಲಿ ವಿಕಲಚೇತನರಿಗೆಂದೇ ಪಾಲಿಟೆಕ್ನಿಕ್ ತೆರೆಯಿತು. ಮಹಾಂತೇಶ ಕಿವಡಸಣ್ಣವರ ಮತ್ತು ಅವರ ಗೆಳೆಯ ನಾಗೇಶ್ 1997ರಲ್ಲಿ ಆರಂಭಿಸಿದ ಸಮರ್ಥನಂ, ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ 1999ರಲ್ಲಿ ಶುರು ಮಾಡಿದ ಎನೇಬಲ್ ಇಂಡಿಯಾ, 2006ರಲ್ಲಿ ಹುಟ್ಟಿದ ವಿಂಧ್ಯಾ ಇ-ಇನ್ಫೋಮೀಡಿಯಾ ಇವೆಲ್ಲ ಬೆಂಗಳೂರಿನ ಹೊಸ ಉದ್ಯಮಗಳ ಬೆನ್ನಿಗೇ ಬೆಳೆದವು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಅಂಧರಿಗೆ ಕಂಪ್ಯೂಟರನ್ನು ತೆರೆದುಕೊಟ್ಟಿತು. 2006ರಿಂದ ಉಚಿತವಾಗಿ ಸಿಗುತ್ತಿರುವ ಎನ್‌ವಿಡಿಎ ಕನ್ನಡವನ್ನೂ ಓದುತ್ತದೆ. ವಿಂಧ್ಯಾದ ವಿಶೇಷ ಏನೆಂದರೆ ಅದು ಸೇವಾಸಂಸ್ಥೆಯಾಗಿ ಅಲ್ಲದೆ ಲಾಭದ ಲೆಕ್ಕವಿಡುವ ಕಂಪನಿಯಾಗಿ ನಡೆದು, ತನ್ನ ನೌಕರರಲ್ಲಿ ವಿಕಲಚೇತನರೇ ಹೆಚ್ಚಿರುವಂತೆ ನೋಡಿಕೊಂಡದ್ದು. ಹೊಸೂರಿನ ಟೈಟಾನ್ ಕಾರ್ಖಾನೆಯಲ್ಲಿ ಕೈಗಡಿಯಾರದ ಸೂಕ್ಷ್ಮ ಜೋಡಣೆಯಲ್ಲಿ ವಿಕಲಚೇತನರು ದಶಕಗಳಿಂದ ದುಡಿಯುತ್ತಿದ್ದಾರೆ.

ಮುಂಬಯಿಯೂ ಸುಮ್ಮನಿಲ್ಲ. ಧ್ರುವ ಲಾಕ್ರಾ ಅವರ ಮಿರಾಕಲ್ ಕೊರಿಯರ್ಸ್ ಕಿವುಡ ಯುವಕರಿಂದಲೇ ಬಟವಾಡೆ ಮಾಡಿಸಿ ತೋರಿಸಿತು. ಜುಹೂವಿನ ಅರ್ಪಣ್ ಕೆಫೆಯಲ್ಲಿ ಬೌದ್ಧಿಕ ವೈಕಲ್ಯ ಇರುವ, ಆಟಿಸಂ ಇರುವ ವಯಸ್ಕರು ಅಡುಗೆ ಮನೆಯಲ್ಲೂ ಬಡಿಸುವಲ್ಲೂ ಇದ್ದಾರೆ. ಬಿ. ಎಸ್. ನಾಗೇಶ್ 2011ರಲ್ಲಿ ಆರಂಭಿಸಿದ ಟ್ರೇನ್ ಸಂಸ್ಥೆ ವಿಕಲಚೇತನ ಯುವಜನರಿಗೆ ಚಿಲ್ಲರೆ ವ್ಯಾಪಾರದ ಮಳಿಗೆಗಳ ಕೆಲಸವನ್ನು ಕಲಿಸಿ ಸೇರಿಸುತ್ತದೆ. ಇವೆಲ್ಲ ಆಹಾರ, ಅಂಗಡಿ, ಬಟವಾಡೆಗಳ ಕೆಲಸ ಎಂಬುದು ನಮಗೆ ಮುಖ್ಯ. ಏಕೆಂದರೆ ಇದು ನಮ್ಮ ಜನಕ್ಕೆ ಗೊತ್ತಿರುವ ಲೋಕ. ಇಡ್ಲಿಯ ತಟ್ಟೆ ಜೋಡಿಸುವುದು, ಈರುಳ್ಳಿ ಹೆಚ್ಚುವುದು, ಪಾರ್ಸೆಲ್ ಕಟ್ಟುವುದು, ದಾಸ್ತಾನು ಬರೆಯುವುದು, ಬಿಲ್ಲಿಂಗ್ ಯಂತ್ರ ನಡೆಸುವುದು, ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು, ಸಂಜೆ ಲೆಕ್ಕ ಹೊಂದಿಸುವುದು: ಒಂದು ಉಡುಪಿ ಹೊಟೇಲಿನೊಳಗೆ ಹತ್ತಾರು ಬಗೆಯ ಕೆಲಸಗಳಿವೆ, ಅವುಗಳಲ್ಲಿ ಹೆಚ್ಚಿನವು ಬಿಡಿಸಿ ಕಲಿಸಬಹುದಾದವು. ಕಿವಿ ಕೇಳದ ಹುಡುಗನಿಗೆ ಅಡುಗೆ ಮನೆಯ ಗದ್ದಲ ಅಡ್ಡಿಯಾಗದು. ಗಾಲಿಕುರ್ಚಿಯ ಮೇಲಿನ ಹುಡುಗಿಗೆ ಗಲ್ಲಾ ಪೆಟ್ಟಿಗೆಯ ಮೇಜನ್ನು ಒಂದಿಷ್ಟು ತಗ್ಗಿಸಿದರೆ ಸಾಕು.

ಕಾನೂನಿನ ಬಗ್ಗೆ ಉದ್ದವಾಗಿ ಹೇಳಲಾರೆ. ಆದರೆ ಕೇಳುಗರಲ್ಲಿ ಉದ್ಯಮಿಗಳಿರುವುದರಿಂದ ಒಂದು ಅಂಶವನ್ನು ಬಿಡಲಾರೆ. ಕೇಂದ್ರ ಸರಕಾರದ ಕೆಳಗಿನ ಶ್ರೇಣಿಯ ಹುದ್ದೆಗಳಲ್ಲಿ 1977ರಿಂದಲೇ ಶೇಕಡಾ 3 ಮೀಸಲಾತಿ ಇತ್ತು. 1995ರ ಕಾನೂನು ಅದನ್ನು ಶಾಸನವಾಗಿಸಿತು. 2013ರಲ್ಲಿ ಸುಪ್ರೀಂ ಕೋರ್ಟು, ಈ ಪ್ರಮಾಣವನ್ನು ಗುರುತಿಸಿದ ಹುದ್ದೆಗಳ ಮೇಲಷ್ಟೇ ಲೆಕ್ಕ ಹಾಕದೆ ಒಟ್ಟು ಖಾಲಿ ಹುದ್ದೆಗಳ ಮೇಲೆ ಲೆಕ್ಕ ಹಾಕಬೇಕು ಎಂದಿತು. 2016ರ ಕಾನೂನು ಅದನ್ನು ಶೇಕಡಾ 4ಕ್ಕೆ ಏರಿಸಿತು. ಅದು ಜಾರಿಗೆ ಬಂದದ್ದು 2017ರ ಏಪ್ರಿಲಿನಲ್ಲಿ. ಇದೆಲ್ಲ ಸರಕಾರಿ ನೌಕರಿಯ ಮಾತು. ಖಾಸಗಿಯವರಿಗೆ ಮೀಸಲಾತಿ ಇಲ್ಲ. ಆದರೆ ಪ್ರತಿಯೊಂದು ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು ಎಂದು ಅದೇ ಕಾನೂನು ಹೇಳುತ್ತದೆ. ಇಪ್ಪತ್ತು ಅಥವಾ ಹೆಚ್ಚು ನೌಕರರಿದ್ದರೆ, ವಿಕಲಚೇತನರಿಗೆ ಯೋಗ್ಯವಾದ ಹುದ್ದೆಗಳ ಪಟ್ಟಿ, ಆಯ್ಕೆಯ ಕ್ರಮ, ತರಬೇತಿ, ಸಂಪರ್ಕಾಧಿಕಾರಿಯ ನೇಮಕ ಎಲ್ಲವೂ ಆ ನೀತಿಯಲ್ಲಿರಬೇಕು. ಖಾಸಗಿ ಸಂಸ್ಥೆ ಎಂದರೆ ಕಂಪನಿ ಮಾತ್ರವೆಂದು ತಿಳಿಯಬೇಡಿ. ಪಾಲುದಾರಿಕೆಯ ಸಂಸ್ಥೆ, ಸಹಕಾರಿ ಸಂಘ, ಟ್ರಸ್ಟು, ಸಂಘ ಎಲ್ಲವೂ ಆ ವ್ಯಾಖ್ಯೆಯೊಳಗಿವೆ. ಇಪ್ಪತ್ತು ಜನ ದುಡಿಯುವ ಹೊಟೇಲುಗಳು, ಸಹಕಾರಿ ಬ್ಯಾಂಕುಗಳು, ವಿದ್ಯಾಸಂಸ್ಥೆಗಳು ನಮ್ಮ ಸಮಾಜದ ಕೈಯಲ್ಲಿ ಎಷ್ಟಿವೆ ಎಂಬುದು ನಿಮಗೇ ಗೊತ್ತು. ಜರ್ಮನಿಯಲ್ಲೂ ಇದೇ ಇಪ್ಪತ್ತರ ಗೆರೆ ಇದೆ. ಅಲ್ಲಿ ಆ ಗೆರೆ ದಾಟಿದ ಮಾಲೀಕ ಶೇಕಡಾ 5 ಹುದ್ದೆಗಳನ್ನು ತೀವ್ರ ವೈಕಲ್ಯ ಇರುವವರಿಗೆ ಕೊಡಬೇಕು, ಕೊಡದಿದ್ದರೆ ಹಣ ತೆರಬೇಕು. ನಮ್ಮಲ್ಲಿ ಬರೆಯಬೇಕಾದ ಕಾಗದವನ್ನೂ ಬಹುಮಂದಿ ಬರೆದಿಲ್ಲ.

ಹಣದ ಆಸೆ ತೋರಿಸಿ ನೋಡಿದ್ದೂ ಆಗಿದೆ. 2008ರಲ್ಲಿ ಕೇಂದ್ರ ಸರಕಾರ ಒಂದು ಯೋಜನೆ ತಂದಿತು: ತಿಂಗಳಿಗೆ 25,000 ರೂಪಾಯಿವರೆಗೆ ಸಂಬಳದ ವಿಕಲಚೇತನ ನೌಕರರ ಭವಿಷ್ಯನಿಧಿ ಮತ್ತು ಇಎಸ್ಐಗೆ ಮಾಲೀಕರು ಕಟ್ಟಬೇಕಾದ ಪಾಲನ್ನು ಮೊದಲ ಮೂರು ವರ್ಷ ಸರಕಾರವೇ ಭರಿಸುತ್ತಿತ್ತು. ವರ್ಷಕ್ಕೆ ಒಂದು ಲಕ್ಷ ಉದ್ಯೋಗ ಎಂಬುದು ಘೋಷಿತ ಗುರಿ. ಅದರ ಹತ್ತಿರಕ್ಕೂ ಅದು ಹೋಗಲಿಲ್ಲ. ಮಾಲೀಕನನ್ನು ತಡೆಯುವುದು ಸಂಬಳದ ಭಾರವಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಅವನನ್ನು ತಡೆಯುವುದು ಗೊತ್ತಿಲ್ಲದ್ದರ ಅಂಜಿಕೆ: ಕೆಲಸ ನಿಧಾನವಾದರೆ? ಅಪಘಾತವಾದರೆ? ಗಿರಾಕಿ ಮುಖ ಸಿಂಡರಿಸಿದರೆ? ಇವು ಸುಳ್ಳು ಪ್ರಶ್ನೆಗಳಲ್ಲ. ಕೆಲಸದ ಜಾಗದಲ್ಲಿ ಮೊದಲ ತಿಂಗಳುಗಳಲ್ಲಿ ಜೊತೆಗಿರುವ ಒಬ್ಬ ಮಾರ್ಗದರ್ಶಕ ಈ ಅಂಜಿಕೆಯನ್ನು ಕಳೆಯುತ್ತಾನೆ, ಸಬ್ಸಿಡಿ ಕಳೆಯುವುದಿಲ್ಲ. ವೈಕಲ್ಯದ ಪ್ರತಿಶತದ ಅಂಕಿಯೂ ಇಲ್ಲಿ ದಾರಿ ತಪ್ಪಿಸುತ್ತದೆ. ಶೇಕಡಾ 40ರ ಪ್ರಮಾಣಪತ್ರ ಸೌಲಭ್ಯಕ್ಕೆ ಬೇಕು. ಆದರೆ ಅಂಕಿ ನೋಡಿ ಒಬ್ಬನನ್ನು ಅನರ್ಹನೆನ್ನಬಾರದು, ಬಯಸಿದ ಓದನ್ನು ಆತ ಮಾಡಬಲ್ಲನೇ ಎಂದು ಪರೀಕ್ಷಿಸಬೇಕು ಎಂದು ವೈದ್ಯಕೀಯ ಪ್ರವೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತು. ಕೆಲಸಕ್ಕೂ ಅದೇ ನ್ಯಾಯ ಸಲ್ಲಬೇಕು.

ದಾರಿಯ ಮಾತಿಲ್ಲದೆ ಉದ್ಯೋಗದ ಮಾತು ಪೂರ್ತಿಯಾಗದು. ಲೋಕಲಿನಲ್ಲಿ ವಿಕಲಚೇತನರ ಡಬ್ಬಿ ಇದೆ, ಆದರೆ ಕಚೇರಿಯ ಹೊತ್ತಿನಲ್ಲಿ ಅದರೊಳಗೆ ಹಕ್ಕಿಲ್ಲದವರೂ ನುಗ್ಗುತ್ತಾರೆ. ಮೆಟ್ರೊ ಒಂದಿಷ್ಟು ಬದಲಾವಣೆ ತಂದಿದೆ. 2022ರ ಏಪ್ರಿಲ್ 2ರಂದು ಶುರುವಾದ 2ಎ ಮತ್ತು 7ನೇ ಮಾರ್ಗಗಳು ಕಾಂದಿವಲಿಯ ಎರಡೂ ಬದಿಗಳನ್ನು ಮುಟ್ಟುತ್ತವೆ: ಪಶ್ಚಿಮದಲ್ಲಿ ಕಾಂದಿವಲಿ ಪಶ್ಚಿಮ, ದಹಾಣೂಕರವಾಡಿ, ಪೂರ್ವದಲ್ಲಿ ಪೊಯಿಸರ್, ಆಕುರ್ಲಿ. ಅಲ್ಲಿ ಲಿಫ್ಟ್ ಇದೆ, ಪ್ಲಾಟ್‌ಫಾರ್ಮ್ ಮತ್ತು ಡಬ್ಬಿಯ ನೆಲ ಸಮವಾಗಿದೆ. ಸ್ಟೇಷನ್ನಿನಿಂದ ಕೆಳಗಿಳಿದರೆ ಮತ್ತೆ ಹಳೆಯ ಕತೆ. ಫುಟ್‌ಪಾತಿನ ಬಾಯಲ್ಲಿ ನೆಟ್ಟ ಉಕ್ಕಿನ ಕಂಬಗಳ ನಡುವೆ ಗಾಲಿಕುರ್ಚಿ ನುಗ್ಗದು ಎಂಬ ದೂರನ್ನು ಬಾಂಬೆ ಹೈಕೋರ್ಟು 2023ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡು ಮಹಾನಗರ ಪಾಲಿಕೆಯನ್ನು ಪ್ರಶ್ನಿಸಬೇಕಾಯಿತು. ಇದೇ ಕಾರಣಕ್ಕೆ ಮನೆಯ ಹತ್ತಿರದ ಕೆಲಸಕ್ಕೆ ನಾನು ಇಷ್ಟು ಒತ್ತು ಕೊಡುತ್ತಿರುವುದು.

ಮನೆಯವರ ಬಗ್ಗೆ ಒಂದು ಮಾತು, ವಿನಯದಿಂದ. ಬೌದ್ಧಿಕ ವೈಕಲ್ಯವಿರುವ ಮಗನ, ಮಗಳ ತಾಯಿ ತಂದೆ ಮೂವತ್ತು ವರ್ಷ ಅವರನ್ನು ರೆಪ್ಪೆಯಲ್ಲಿಟ್ಟು ಸಾಕುತ್ತಾರೆ; ನಮ್ಮ ನಂತರ ಯಾರು ಎಂಬ ಪ್ರಶ್ನೆ ಅವರನ್ನು ರಾತ್ರಿ ಎಬ್ಬಿಸುತ್ತದೆ. ಹೆಣ್ಣುಮಕ್ಕಳ ವಿಚಾರದಲ್ಲಿ ಹೊರಗೆ ಕಳುಹಿಸುವ ಭಯ ಇನ್ನೂ ದೊಡ್ಡದು, ಅದು ಅಕಾರಣವೂ ಅಲ್ಲ. ಪರಿಚಿತರ ಅಂಗಡಿಯಲ್ಲಿ, ಪರಿಚಿತ ಸಂಘದ ಕಚೇರಿಯಲ್ಲಿ ದಿನಕ್ಕೆ ನಾಲ್ಕು ತಾಸಿನ ಸಂಬಳದ ಕೆಲಸ ಆ ಭಯವನ್ನು ಕಡಿಮೆ ಮಾಡೀತು. ಸಂಬಳ ಎಂಬ ಶಬ್ದವನ್ನು ಒತ್ತಿ ಹೇಳುತ್ತೇನೆ. ಕೈಖರ್ಚಿಗೆ ಕೊಡುವ ಹಣ ಸಂಬಳವಲ್ಲ.

ಮಹನೀಯರೆ, ಕಾಂದಿವಲಿಯಲ್ಲಿ ಏನು ಮಾಡಬಹುದು? ಚಾರ್ಕೋಪಿನ ಕೈಗಾರಿಕಾ ವಸಾಹತು, ಆಕುರ್ಲಿ ರಸ್ತೆಯ ಮಹೀಂದ್ರಾ ಕಾರ್ಖಾನೆ ಮತ್ತು ಅದರ ಸುತ್ತಲಿನ ಚಿಕ್ಕ ಘಟಕಗಳು, ಪೂರ್ವದ ಸರಕಾರಿ ಐಟಿಐ, ಠಾಕೂರ್ ವಿಲೇಜ್‌ನಿಂದ ಮಹಾವೀರ್ ನಗರದವರೆಗಿನ ಅಂಗಡಿ, ಹೊಟೇಲು, ಆಸ್ಪತ್ರೆ, ಶಾಲೆಗಳು. ಕೆಲಸ ಇಲ್ಲಿದೆ. ಕಲಿಸುವ ಪರಿಣತಿ ಚೆಂಬೂರು, ವರ್ಲಿ, ಬಾಂದ್ರಾಗಳಲ್ಲಿದೆ. ಆ ಪರಿಣತರನ್ನು ವಾರಕ್ಕೆ ಕೆಲವು ದಿನ ಇಲ್ಲಿಗೆ ಕರೆತಂದು ಕೆಲಸದ ಜಾಗದಲ್ಲೇ ಕಲಿಸುವ ಏರ್ಪಾಡನ್ನು ನಮ್ಮ ಸಂಘಗಳು ಮಾಡಬಲ್ಲವು. ರಾತ್ರಿ ಶಾಲೆಗೆ ಶಿಕ್ಷಕರನ್ನು ಹುಡುಕಿ ತಂದ ಸಮಾಜಕ್ಕೆ ಇದು ಹೆಚ್ಚಿನ ಕೆಲಸವಲ್ಲ.

ಆದ್ದರಿಂದ ನನ್ನ ವಿನಂತಿ ನೇರವಾಗಿ ಇಲ್ಲಿರುವ ಹೊಟೇಲ್ ಮಾಲೀಕರಿಗೆ, ಸಹಕಾರಿ ಬ್ಯಾಂಕುಗಳ ನಿರ್ದೇಶಕರಿಗೆ, ಶಾಲೆಗಳ ಮತ್ತು ಸಂಘಗಳ ಪದಾಧಿಕಾರಿಗಳಿಗೆ. ನಿಮ್ಮ ಸಂಸ್ಥೆಯ ಸಮಾನ ಅವಕಾಶ ನೀತಿಯನ್ನು ಬರೆದು ಗೋಡೆಗೆ ಹಚ್ಚಿ, ವಿಕಲಚೇತನರ ಆಯುಕ್ತರ ಕಚೇರಿಗೆ ಕಳುಹಿಸಿ. ನಿಮ್ಮಲ್ಲಿರುವ ಕೆಲಸಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಒಂದು ಹುದ್ದೆಯನ್ನು ಆರಿಸಿ. ಈ ಉಪನಗರದ ಒಬ್ಬ ವಿಕಲಚೇತನ ಯುವಕನನ್ನೋ ಯುವತಿಯನ್ನೋ ಆ ಹುದ್ದೆಗೆ, ಉಳಿದವರಿಗೆ ಕೊಡುವಷ್ಟೇ ಸಂಬಳಕ್ಕೆ, ಈ ವರ್ಷವೇ ಸೇರಿಸಿಕೊಳ್ಳಿ. ಕಲಿಸುವ ಕೆಲಸ ಅವರು ಸೇರಿದ ದಿನ ಶುರುವಾಗಲಿ.